‘ಮಲಗಲಿ ಬಿಡು’ ಅನ್ನುವ ಮೊದಲು: ಕುಡಿದು ಬಿದ್ದ ಗೆಳೆಯನನ್ನು ಬೆಳಗಿನವರೆಗೆ ಕಾಯುವುದು ಹೇಗೆ

“ಸಿಸ್ಟರ್, ಗೊರಕೆ ಹೊಡೀತಿದ್ದ. ನಿದ್ದೆ ಬಂದಿದೆ ಅಂದ್ಕೊಂಡ್ವಿ.”

ಕರಾವಳಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನಾನು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು 19, 20 ವರ್ಷದ ಹುಡುಗರು. ಪರೀಕ್ಷೆ ಮುಗಿದ ದಿನ, ಯಾರದೋ ಬರ್ತ್‌ಡೇ, ಇಲ್ಲವೇ ಡಿಸೆಂಬರ್ 31ರ ರಾತ್ರಿ. ಗೆಳೆಯನ ಮೇಲೆ ಪ್ರೀತಿ ಇಲ್ಲದವರಲ್ಲ ಇವರು. ಏನೇನೋ ಮಾಡಿರುತ್ತಾರೆ ಪಾಪ. ಮೊದಲು ತಣ್ಣೀರು ಸ್ನಾನ. ಆಮೇಲೆ ನಿಂಬೆಹುಳಿ. ಆಮೇಲೆ ಸೀನಿಯರ್‌ಗೆ ಫೋನ್. ಬಾಟಲಿ ಬಚ್ಚಿಡುವುದು, ರೂಮ್ ಗುಡಿಸುವುದು. 108ಕ್ಕೆ ಫೋನ್ ಮಾಡುವುದು ಎಲ್ಲಕ್ಕಿಂತ ಕೊನೆಗೆ.

ಪ್ರತಿ ಸಲವೂ ತಪ್ಪುವುದು ಈ ಕ್ರಮವೇ. ಸರಿಯಾದ ಕ್ರಮ ಇದು: ಮೊದಲು ಉಸಿರು, ಆಮೇಲೆ ಮಗ್ಗುಲು, ಆಮೇಲೆ 108. ಉಳಿದದ್ದೆಲ್ಲ ಅದರ ನಂತರ. ಕುಡಿಯಬೇಡಿ ಅಂತ ನಾನೂ ಹೇಳುತ್ತೇನೆ. ಆದರೆ ಇದನ್ನು ಬರೆದದ್ದು ಕುಡಿದಾಗಿದೆ, ಒಬ್ಬ ಬಿದ್ದಾಗಿದೆ, ಈಗ ಏನು ಮಾಡೋದು ಅಂತ ಕೇಳುವವರಿಗೆ.

ಕೈಯಲ್ಲಿ ಇರಬೇಕಾದವು

ಎಲ್ಲಕ್ಕಿಂತ ಮೊದಲು ಬೇಕಾದ್ದು ಕುಡಿಯದೇ ಇರುವ ಒಬ್ಬ ಮನುಷ್ಯ. ‘ನಾನು ಸ್ವಲ್ಪವೇ ಹಾಕಿದ್ದು’ ಅನ್ನುವವನು ಸಾಲದು. ಅಂಥವರು ಯಾರೂ ಇಲ್ಲದಿದ್ದರೆ ಪಕ್ಕದ ರೂಮಿನವರನ್ನೋ ಮನೆ ಮಾಲೀಕರನ್ನೋ ಎಬ್ಬಿಸಿ. ನಾಚಿಕೆ ಆಮೇಲೆ ಪಟ್ಟುಕೊಳ್ಳಬಹುದು.

ಚಾರ್ಜ್ ಇರುವ ಫೋನ್, ಟಾರ್ಚ್, ಕಂಬಳಿ ಅಥವಾ ದಪ್ಪ ಚಾದರ, ಒಂದು ಬಕೆಟ್, ಎರಡು ಟವೆಲ್, ಸೆಕೆಂಡ್ ತೋರಿಸುವ ಗಡಿಯಾರ ಇದ್ದರೆ ಸಾಕು. ಗಡಿಯಾರ ಫೋನಿನಲ್ಲೇ ಇದೆ.

ಇನ್ನೊಂದು ವಿಷಯ. ನೀವು ಇರುವ ಜಾಗದ ವಿಳಾಸ ಗುರುತಿನ ಸಮೇತ ಗೊತ್ತಿರಬೇಕು. ಶಿರಸಿ ಕಡೆಯ ತೋಟದ ನಡುವಿನ ಹೋಂಸ್ಟೇಯಲ್ಲಿ ಇದ್ದೀರಿ ಅಂದುಕೊಳ್ಳಿ. ರಾತ್ರಿ 1 ಗಂಟೆಗೆ ಅಲ್ಲಿಗೆ ದಾರಿ ಹೇಳಲು ನಿಮ್ಮಲ್ಲಿ ಒಬ್ಬರಿಗಾದರೂ ಬರುತ್ತದಾ? ಊರಿನ ಹೆಸರು, ಮುಖ್ಯ ರಸ್ತೆಯಿಂದ ಯಾವ ತಿರುವು, ಹತ್ತಿರದ ದೇವಸ್ಥಾನ ಅಥವಾ ಶಾಲೆ ಯಾವುದು ಎಂದು ಹಗಲು ಹೋಗುವಾಗಲೇ ನೋಡಿಟ್ಟುಕೊಳ್ಳಿ.

ಹಂತ 1: ಎಬ್ಬಿಸಿ ನೋಡಿ, ಉಸಿರು ಎಣಿಸಿ

ಹೆಸರು ಹಿಡಿದು ಜೋರಾಗಿ ಕರೆಯಿರಿ. ಹೆಗಲು ತಟ್ಟಿ. ಕಣ್ಣು ಬಿಡದಿದ್ದರೆ ಕುತ್ತಿಗೆ ಮತ್ತು ಹೆಗಲಿನ ನಡುವಿನ ಸ್ನಾಯುವನ್ನು ಗಟ್ಟಿಯಾಗಿ ಚಿವುಟಿ. ನಿದ್ದೆ ಮಾಡುತ್ತಿರುವವನು ಬೈಯುತ್ತಾನೆ, ಕೈ ತಳ್ಳುತ್ತಾನೆ, ಮಗ್ಗುಲಾಗುತ್ತಾನೆ. ಎಚ್ಚರ ತಪ್ಪಿದವನು ಏನೂ ಮಾಡುವುದಿಲ್ಲ, ಅಥವಾ ಸುಮ್ನೆ ಒಮ್ಮೆ ನರಳಿ ಮತ್ತೆ ಹಾಗೇ ಬಿದ್ದಿರುತ್ತಾನೆ. ‘ಔಟ್ ಆಗಿದಾನೆ’ ಅಂತ ನೀವು ನಗುತ್ತಾ ಹೇಳುವುದು ಇದನ್ನೇ. ಇದು ನಿದ್ದೆ ಅಲ್ಲ.

ಆಮೇಲೆ ಉಸಿರು. ಎದೆ ಮತ್ತು ಹೊಟ್ಟೆ ಸೇರುವಲ್ಲಿ ಕೈ ಇಟ್ಟು, ಗಡಿಯಾರ ನೋಡುತ್ತಾ ಪೂರ್ತಿ 1 ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಬೇಡಿ. ಕುಡಿದವರ ಉಸಿರು ಒಂದೇ ಸಮ ಇರುವುದಿಲ್ಲ, ನಡುವೆ ನಿಂತು ನಿಂತು ಬರಬಹುದು. ಆ ನಿಲುಗಡೆಯೇ ನಿಮಗೆ ಕಾಣಬೇಕಾದ್ದು.

ಆರೋಗ್ಯವಂತ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. 8ಕ್ಕಿಂತ ಕಡಿಮೆ ಇದ್ದರೆ, ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಅಂತರ ಇದ್ದರೆ, ಮೆದುಳಿನಲ್ಲಿ ಉಸಿರಾಟ ನಡೆಸುವ ಭಾಗವೇ ಮಂಕಾಗುತ್ತಿದೆ ಎಂದು ಅರ್ಥ. ತಕ್ಷಣ ಮಗ್ಗುಲಿಗೆ ಹೊರಳಿಸಿ, 108ಕ್ಕೆ ಫೋನ್ ಮಾಡಿ. ಜೊತೆಗೆ ಒಬ್ಬರಿದ್ದರೆ ಎರಡನ್ನೂ ಒಟ್ಟಿಗೇ ಮಾಡಬಹುದು.

ಗೊರಕೆ ಬಗ್ಗೆ ಒಂದು ಮಾತು. ಗೊರಕೆ ಕೇಳಿ ನಿಶ್ಚಿಂತೆಯಾದವರನ್ನು ನಾನು ಬಹಳ ನೋಡಿದ್ದೇನೆ. ಎಚ್ಚರ ತಪ್ಪಿದವರಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಅರ್ಧ ಮುಚ್ಚಿದಾಗಲೂ ಅಂಥದ್ದೇ ಸದ್ದು ಬರುತ್ತದೆ. ಜೊತೆಗೆ ಗುಳುಗುಳು ಎಂದು ನೀರಿನ ಸದ್ದು ಕೇಳಿದರೆ ಗಂಟಲಲ್ಲಿ ವಾಂತಿ ನಿಂತಿದೆ.

ಹಂತ 2: ಮಗ್ಗುಲಿಗೆ ಹೊರಳಿಸಿ

ಅಂಗಾತ ಮಲಗಿಸಿದ್ದರಿಂದ ಹೋದ ಜೀವಗಳಿವೆ. ಮಾಮೂಲಿ ಹೊತ್ತಿನಲ್ಲಿ ಗಂಟಲಿಗೆ ಏನಾದರೂ ಬಂದರೆ ನಾವು ಕೆಮ್ಮುತ್ತೇವೆ. ಅತಿಯಾಗಿ ಕುಡಿದಾಗ ಆ ಕೆಮ್ಮು ಬರುವುದಿಲ್ಲ. ವಾಂತಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಸದ್ದೂ ಕೇಳುವುದಿಲ್ಲ. ಹಾಗೆ ಹೋದ ಒಬ್ಬ ಹುಡುಗನ ಮುಖವನ್ನು ನಾನು ಇನ್ನೂ ಮರೆತಿಲ್ಲ. ಅವನನ್ನು ನಮ್ಮಲ್ಲಿಗೆ ತಂದಾಗ ಬೆಳಗಿನ 6 ಗಂಟೆ. ಗೆಳೆಯರು ಅವನಿಗೆ ದಿಂಬು ಇಟ್ಟು, ಫ್ಯಾನ್ ಹಾಕಿ, ಬಾಗಿಲು ಮುಂದೆ ಮಾಡಿ ಬಂದಿದ್ದರು.

ಹೀಗೆ ಮಾಡಿ. ಇದನ್ನು ಇವತ್ತೇ, ಯಾರೂ ಕುಡಿಯದೇ ಇರುವಾಗ, ಒಬ್ಬರ ಮೇಲೊಬ್ಬರು ಎರಡು ಸಲ ಅಭ್ಯಾಸ ಮಾಡಿಕೊಳ್ಳಿ.

1. ಅವನ ಒಂದು ಪಕ್ಕದಲ್ಲಿ ಮೊಣಕಾಲೂರಿ ಕೂರಿ. ನಿಮ್ಮ ಕಡೆಯ ಅವನ ಕೈಯನ್ನು ಹೆಗಲಿನ ಮಟ್ಟಕ್ಕೆ ಹೊರಗೆ ಚಾಚಿ, ಮೊಣಕೈ ಮಡಿಸಿ, ಅಂಗೈ ಮೇಲೆ ಮಾಡಿ ಇಡಿ.

2. ಆಚೆ ಕಡೆಯ ಕೈಯನ್ನು ಎದೆಯ ಮೇಲಿಂದ ತಂದು, ಆ ಕೈಯ ಹಿಂಭಾಗವನ್ನು ನಿಮ್ಮ ಕಡೆಯ ಕೆನ್ನೆಗೆ ತಾಗಿಸಿ ಹಿಡಿದುಕೊಳ್ಳಿ.

3. ಇನ್ನೊಂದು ಕೈಯಿಂದ ಆಚೆ ಕಡೆಯ ಮೊಣಕಾಲನ್ನು ಮೇಲಕ್ಕೆ ಮಡಿಸಿ, ಪಾದ ನೆಲದ ಮೇಲಿರಲಿ. ಆ ಮೊಣಕಾಲನ್ನು ನಿಮ್ಮ ಕಡೆಗೆ ಎಳೆಯಿರಿ. ಎಷ್ಟೇ ದಪ್ಪ ಇದ್ದರೂ ಸುಲಭವಾಗಿ ಹೊರಳುತ್ತಾನೆ.

4. ಮೇಲಿನ ಕಾಲು ಮಡಿಸಿಯೇ ಇರಲಿ, ಅದೇ ಊರುಗೋಲು. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆ ಇರಲಿ. ಬಾಯಿಯಿಂದ ಏನು ಬಂದರೂ ಹೊರಗೇ ಹೋಗಬೇಕು.

5. ಬೆನ್ನಿನ ಹಿಂದೆ ಬ್ಯಾಗ್ ಅಥವಾ ದಿಂಬು ಒತ್ತಿ ಇಡಿ. ಇಲ್ಲದಿದ್ದರೆ ಮತ್ತೆ ಅಂಗಾತ ಹೊರಳುತ್ತಾನೆ. ತಲೆಯ ಕೆಳಗೆ ದಪ್ಪ ದಿಂಬು ಬೇಡ, ಗಲ್ಲ ಎದೆಗೆ ಒತ್ತಿ ಉಸಿರಿನ ದಾರಿ ಮುಚ್ಚುತ್ತದೆ.

ಮಂಚದ ಮೇಲೆ ಬೇಡ, ನೆಲದ ಮೇಲೆ ಚಾಪೆ ಅಥವಾ ಕಂಬಳಿ ಹಾಸಿ. ಬೀಚಿನಲ್ಲಿ ಇದ್ದರೆ ಮುಖ ಮರಳಿನಲ್ಲಿ ಹೂಳದಂತೆ ಟವೆಲ್ ಹಾಕಿ, ಅಲೆ ಬರುವ ಗೆರೆಯಿಂದ ಬಹಳ ಮೇಲಕ್ಕೆ ತನ್ನಿ. ಉಬ್ಬರ ಏರುತ್ತದೆ ಅನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಹಂತ 3: 108

ಇವುಗಳಲ್ಲಿ ಒಂದು ಕಂಡರೂ ಫೋನ್ ಮಾಡಿ. ಎರಡನೆಯದಕ್ಕೆ ಕಾಯಬೇಡಿ.

- ಚಿವುಟಿದರೂ ಸರಿಯಾಗಿ ಎಚ್ಚರ ಆಗುವುದಿಲ್ಲ
- ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ, ಅಥವಾ ನಡುನಡುವೆ 10 ಸೆಕೆಂಡ್ ನಿಲ್ಲುತ್ತದೆ
- ತುಟಿ, ಉಗುರು ನೀಲಿ ಅಥವಾ ಬಿಳಿಚಿಕೊಂಡಿವೆ. ಬಣ್ಣ ಕಪ್ಪಿದ್ದವರಲ್ಲಿ ತುಟಿಯ ಒಳಭಾಗ ನೋಡಿ
- ಮೈ ತಣ್ಣಗೆ, ಒದ್ದೆ ಒದ್ದೆಯಾಗಿದೆ
- ಫಿಟ್ಸ್ ಬಂದಿದೆ
- ಎಚ್ಚರ ಇಲ್ಲದೆ ವಾಂತಿ ಮಾಡುತ್ತಿದ್ದಾನೆ, ಅಥವಾ ವಾಂತಿಯಲ್ಲಿ ರಕ್ತ ಇದೆ
- ಕುಡಿದ ಮೇಲೆ ಬಿದ್ದು ತಲೆಗೆ ಪೆಟ್ಟಾಗಿದೆ

ಕೊನೆಯದನ್ನು ಹುಡುಗರು ತೀರಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ತಲೆಯೊಳಗಿನ ರಕ್ತಸ್ರಾವ, ಕುಡಿದ ಅಮಲು ಎರಡೂ ನೋಡಲು ಒಂದೇ ಥರ: ತೊದಲು, ತೂಕಡಿಕೆ, ವಾಂತಿ. ಮೆಟ್ಟಿಲಿಂದಲೋ ಬೈಕಿನಿಂದಲೋ ಬಿದ್ದಿದ್ದರೆ ಡಾಕ್ಟರೇ ನೋಡಿ ಹೇಳಬೇಕು.

ಫೋನಿನಲ್ಲಿ ಮೊದಲು ಜಾಗ ಹೇಳಿ, ಆಮೇಲೆ ವಿಷಯ. “ಎಚ್ಚರ ಇಲ್ಲ, ಉಸಿರು ನಿಧಾನ, ಮದ್ಯ ಕುಡಿದಿದ್ದಾನೆ” ಎಂದು ನೇರವಾಗಿ ಹೇಳಿ. ಫುಡ್ ಪಾಯ್ಸನ್ ಅಂತ ಸುಳ್ಳು ಹೇಳಬೇಡಿ. ಘಟ್ಟದಲ್ಲಿ ಇದ್ದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಊರು ಮತ್ತು ಸಂಖ್ಯೆ ಓದಿ ಹೇಳಿ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೆ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರ್ ಹತ್ತಿರ ಇದ್ದರೆ ಅದರ ಮೂಲಕ ಕರೆ ಹೋಗಬಹುದು.

ಗೋಕರ್ಣದ ಹಾಫ್ ಮೂನ್ ಮತ್ತು ಪ್ಯಾರಡೈಸ್ ಬೀಚಿನ ಮರಳಿನವರೆಗೆ ಗಾಡಿ ಬರುವುದಿಲ್ಲ. ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಅಂಥ ಕಡೆ ರಾತ್ರಿ ಕುಡಿದು ಬಿದ್ದರೆ ಆಂಬುಲೆನ್ಸ್ ನಿಲ್ಲುವಲ್ಲಿಗೆ ಹೊತ್ತು ತರಲು ಎಷ್ಟು ಹೊತ್ತು ಬೇಕು, ಕತ್ತಲಲ್ಲಿ ಆ ಬಂಡೆಗಳ ಮೇಲೆ ಯಾರು ಹೊರುತ್ತಾರೆ? ನನ್ನನ್ನು ಕೇಳಿದರೆ ಅಲ್ಲಿಗೆ ಬಾಟಲಿ ಒಯ್ಯಲೇಬಾರದು.

ಆಸ್ಪತ್ರೆ ಯಾವುದು ಅನ್ನುವ ಗೊಂದಲ ಬೇಡ. ಕಾರವಾರದಲ್ಲಿ ಕ್ರಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ), ಶಿರಸಿಯಲ್ಲಿ ಪಂಡಿತ ಆಸ್ಪತ್ರೆ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ತಾಲೂಕು ಆಸ್ಪತ್ರೆ ಇವೆ. 108ರವರು ಹತ್ತಿರದ್ದಕ್ಕೆ ಒಯ್ಯುತ್ತಾರೆ.

ಈಗ ಹೆದರಿಕೆಯ ವಿಷಯ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಹಾಗಾಗಿ ಮಾಜಾಳಿ ದಾಟಿ ಗೋವಾದ ಪೋಳೆಗೆ ಹೋಗಿ ಕುಡಿದು ಬರುವವರಿದ್ದಾರೆ. ‘ಪೊಲೀಸ್ ಬಂದರೆ? ಕಾಲೇಜಿಗೆ ಗೊತ್ತಾದರೆ? ಅಪ್ಪನಿಗೆ ಹೇಳಿದರೆ?’ ಈ ಮೂರು ಪ್ರಶ್ನೆಯಲ್ಲೇ ಒಂದೆರಡು ತಾಸು ಕಳೆದುಹೋಗುತ್ತದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಎಂದು ಬರೆದುಕೊಳ್ಳಬಹುದು. ಅದು ಪೊಲೀಸರಿಗೆ ಕೊಡುವ ಮಾಹಿತಿ, ಎಫ್‌ಐಆರ್ ಅಲ್ಲ. ಮೊದಲು ಜೀವ ಉಳಿಸಬೇಕು, ಕಾನೂನಿನ ಕೆಲಸ ಆಮೇಲೆ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ಪತ್ರೆಯಲ್ಲಿ ಯಾರಾದರೂ ಮೊದಲು ಬೈಯಬಹುದು. ನಮ್ಮಲ್ಲೂ ಕೆಲವರು ಹಾಗೆ ಮಾಡುತ್ತಾರೆ, ಅದು ನನಗೆ ತುಂಬಾ ಬೇಸರದ ಸಂಗತಿ. ಬೈಸಿಕೊಳ್ಳಿ, ಆದರೆ ಅಲ್ಲಿಂದ ಕದಲಬೇಡಿ.

ಹಂತ 4: ಗಾಡಿ ಬರುವವರೆಗೆ

ಒಬ್ಬರು ಟಾರ್ಚ್ ಹಿಡಿದು ಮುಖ್ಯ ರಸ್ತೆಗೆ ಹೋಗಿ ನಿಲ್ಲಿ. ಒಬ್ಬರು ರೋಗಿಯ ಪಕ್ಕ ಕೂರಿ, ಕೈ ಎದೆಯ ಮೇಲಿರಲಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಫ್ಯಾನ್ ಆರಿಸಿ. ಕುಡಿದವರ ಚರ್ಮದ ರಕ್ತನಾಳಗಳು ಹಿಗ್ಗಿ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ. ಮುಟ್ಟಿದರೆ ಬಿಸಿ ಅನ್ನಿಸಿದರೂ ಒಳಗೆ ತಣ್ಣಗಾಗುತ್ತಿರುತ್ತಾರೆ.

ಉಸಿರು ನಿಂತರೆ, ಅಥವಾ ಮೀನು ಬಾಯಿ ಬಿಟ್ಟ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತಿದ್ದರೆ, ಅಂಗಾತ ಮಾಡಿ ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಶುರು ಮಾಡಿ. ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂಟಿಮೀಟರ್ ಕೆಳಗೆ ಹೋಗಬೇಕು. 108ಕ್ಕೆ ತಕ್ಷಣ ತಿಳಿಸಿ. ಫೋನ್ ಸ್ಪೀಕರ್‌ನಲ್ಲಿ ಇರಲಿ.

ಅಷ್ಟರಲ್ಲಿ ಇನ್ನೊಬ್ಬರು ಲೆಕ್ಕ ಹಾಕಿ: ಏನು, ಎಷ್ಟು, ಕೊನೆಯ ಗುಟುಕು ಯಾವಾಗ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಅದೇ. 42.8 ಪರ್ಸೆಂಟಿನ ವಿಸ್ಕಿ ಅಥವಾ ರಮ್ಮಿನ ಒಂದು ನೈಂಟಿಯಲ್ಲಿ, ಅಂದರೆ 90 ಎಂಎಲ್‌ನಲ್ಲಿ, ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಒಂದು ಕ್ವಾರ್ಟರ್, ಅಂದರೆ 180 ಎಂಎಲ್‌ನಲ್ಲಿ 60 ಗ್ರಾಂ. 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್‌ನಲ್ಲಿ ಸುಮಾರು 40. ಗೇರುಹಣ್ಣಿನ ಕಾಲದಲ್ಲಿ ಸಿಗುವ, ಅದೇ ಹಣ್ಣಿನ ಮದ್ಯವಾದ ಉರ್ರಾಕನ್ನು ಶರಬತ್ತು ಅಂತ ತಿಳಿದು ದೊಡ್ಡ ಲೋಟದಲ್ಲಿ ಕುಡಿಯುತ್ತಾರೆ. ಅದು ಬಿಯರ್‌ನ ಎರಡು ಪಟ್ಟು ಗಡಸು. ಫೆನಿ ವಿಸ್ಕಿಯಷ್ಟೇ.

ಒಂದೇ ಕೂರಿಕೆಯಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಆದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ಕುಡಿತ ಎಂದು ಎಣಿಸುತ್ತದೆ. ನಮ್ಮ ಹುಡುಗರ ಭಾಷೆಯಲ್ಲಿ ಅದು ‘ಒಂದೇ ಕ್ವಾರ್ಟರ್ ಹಾಕಿದ್ದು’. ಹುಡುಗಿಯರ ಮೈಯಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ಜಾಸ್ತಿ ಏರುತ್ತದೆ.

ನಿದ್ದೆ ಮಾತ್ರೆ, ನೋವಿನ ಮಾತ್ರೆ, ಗಾಂಜಾ, ಎನರ್ಜಿ ಡ್ರಿಂಕ್ ಏನಾದರೂ ಸೇರಿದ್ದರೆ ಬಾಯಿ ಬಿಟ್ಟು ಹೇಳಿ. ಮಾತ್ರೆಯ ಖಾಲಿ ಪಟ್ಟಿ, ಬಾಟಲಿ ಜೊತೆಗೇ ತನ್ನಿ. ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಇದ್ದರೆ ಅದನ್ನೂ ಹೇಳಿ. ಮನೆಯವರಿಗೆ ಫೋನ್ ಮಾಡುವ ಹೊತ್ತು ಇದೇ, 108 ಆದ ಮೇಲೆ.

ಆಂಬುಲೆನ್ಸ್ ತಡ ಎಂದಾದರೆ ಕುಡಿಯದವರು ಓಡಿಸುವ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ ತನ್ನಿ. ಬೈಕ್ ಬೇಡ. ನಡುವೆ ಕೂರಿಸಿಕೊಂಡು ಟ್ರಿಪಲ್ ತಂದ ಒಬ್ಬ ಹುಡುಗನ ಪಾದ ಸೈಲೆನ್ಸರಿಗೆ ತಾಗಿ ಸುಟ್ಟಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ತಲೆ ಮುಂದೆ ಜೋಲಿ ಉಸಿರು ಕಟ್ಟಿ ತುಟಿ ನೀಲಿಯಾಗಿತ್ತು. ಅವನು ಬದುಕಿದ. ಇನ್ನೊಂದು ಹತ್ತು ನಿಮಿಷದ ದಾರಿ ಇದ್ದಿದ್ದರೆ ಹೇಳುವುದು ಕಷ್ಟ.

ಎಲ್ಲರೂ ಮಾಡುವ ತಪ್ಪುಗಳು

ತಣ್ಣೀರು ಸ್ನಾನ: ಮೊದಲೇ ಶಾಖ ಕಳೆದುಕೊಳ್ಳುತ್ತಿರುವ ಮೈ ಇನ್ನೂ ತಣ್ಣಗಾಗುತ್ತದೆ. ಬಚ್ಚಲಲ್ಲಿ ಜಾರಿ ತಲೆ ಒಡೆದುಕೊಳ್ಳುವುದು ಬೇರೆ. ಸಮುದ್ರದಲ್ಲಿ ಮುಳುಗಿಸಿ ಎಬ್ಬಿಸುತ್ತೇವೆ ಎಂದು ಹೊರಟವರೂ ಇದ್ದಾರೆ. ದಯವಿಟ್ಟು ಬೇಡ.

ಗಂಟಲಿಗೆ ಬೆರಳು, ಉಪ್ಪು ನೀರು: ಅರ್ಧ ಎಚ್ಚರದಲ್ಲಿ ಇರುವವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ತಾನಾಗಿ ಬಂದರೆ ಬರಲಿ, ಮಗ್ಗುಲಲ್ಲಿ ಇರಲಿ.

ಅಪ್ಪೆಹುಳಿ, ಮಜ್ಜಿಗೆ, ನಿಂಬೆ, ಕಾಫಿ: ಘಟ್ಟದ ಮೇಲೆ ಅಪ್ಪೆಹುಳಿ, ಕೆಳಗೆ ಕೋಕಂ. ಊಟದ ಜೊತೆ ಎರಡೂ ಚೆನ್ನ. ಆದರೆ ಲಿವರ್ ತಾಸಿಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಮಾತ್ರ ಕರಗಿಸುತ್ತದೆ. ಯಾವ ಹುಳಿಯೂ ಅದನ್ನು ಓಡಿಸಲಾರದು. ಒಂದು ಕ್ವಾರ್ಟರ್ ಇಳಿಯಲು 6ರಿಂದ 8 ತಾಸು ಬೇಕು. ಕಾಫಿ ಕುಡಿದರೆ ಎಚ್ಚರ ಇರುವ ಕುಡುಕ ಆಗುತ್ತಾನೆ ಅಷ್ಟೇ. ಎಚ್ಚರ ಇಲ್ಲದವರ ಬಾಯಿಗೆ ಒಂದು ಚಮಚ ನೀರೂ ಹಾಕಬಾರದು.

ನಡೆಸಾಡಿಸುವುದು: ಬೀಳುತ್ತಾರೆ.

ಮಾತ್ರೆ: ತಲೆನೋವು ಬಾರದಿರಲಿ ಎಂದು ಪ್ಯಾರಾಸಿಟಮಾಲ್ ಕೊಡುತ್ತಾರೆ. ಮದ್ಯದ ಜೊತೆ ಅದು ಲಿವರ್‌ಗೆ ಹೊರೆ. ನಿದ್ದೆ ಬರಿಸುವ ಶೀತದ ಮಾತ್ರೆ ಉಸಿರನ್ನು ಇನ್ನಷ್ಟು ಮಂಕು ಮಾಡಬಹುದು.

‘ಕುಡಿಯೋದು ನಿಲ್ಲಿಸಿದ್ದಾನಲ್ಲ’ ಅನ್ನುವ ಸಮಾಧಾನ: ನಿಲ್ಲಿಸಿದ ಮೇಲೂ ಅರ್ಧದಿಂದ ಒಂದೂವರೆ ತಾಸು ರಕ್ತದಲ್ಲಿ ಮದ್ಯ ಏರುತ್ತಲೇ ಇರಬಹುದು. 11 ಗಂಟೆಗೆ ಹಾಡುತ್ತಿದ್ದವನು 12ಕ್ಕೆ ಎಚ್ಚರ ತಪ್ಪುವುದು ಇದರಿಂದಲೇ. ಪಂದ್ಯ ಕಟ್ಟಿ, ನೀರು ಬೆರೆಸದೆ ‘ರಾ’ ಹೊಡೆದವರಲ್ಲಿ ಇದು ಜಾಸ್ತಿ.

ಹಂತ 5: ರೂಮಿನಲ್ಲೇ ಕಾಯುವುದಾದರೆ

ಕರೆದರೆ ಕಣ್ಣು ಬಿಡುತ್ತಾನೆ, ಹೆಸರು ಹೇಳುತ್ತಾನೆ, ಉಸಿರು ಸರಿ ಇದೆ, ಮೈ ಬೆಚ್ಚಗಿದೆ, ಎಲ್ಲೂ ಬಿದ್ದಿಲ್ಲ. ಹೀಗಿದ್ದರೆ ಮಾತ್ರ ರೂಮಿನಲ್ಲಿ ಇಟ್ಟುಕೊಳ್ಳಬಹುದು. ಆಗಲೂ ಮಗ್ಗುಲಾಗಿಯೇ ಮಲಗಿಸಿ, ಒಂಟಿ ಬಿಡಬೇಡಿ.

ಮೊದಲ 2 ತಾಸು ಪ್ರತಿ 10 ನಿಮಿಷಕ್ಕೆ, ಆಮೇಲೆ 15 ನಿಮಿಷಕ್ಕೊಮ್ಮೆ ಎಬ್ಬಿಸಿ ಮಾತಾಡಿಸಿ, ಉಸಿರು ಎಣಿಸಿ. ಒಂದು ಹಾಳೆಯಲ್ಲಿ ಗಂಟೆ ಮತ್ತು ಎಣಿಕೆ ಬರೆಯಿರಿ. ‘12.40, 14. 12.55, 13. 1.10, 10.’ ಬರೆದಿಟ್ಟರೆ ಇಳಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಮನಸ್ಸಿನಲ್ಲೇ ಇಟ್ಟುಕೊಂಡರೆ ಕಾಣುವುದಿಲ್ಲ. ಇಳಿಯುತ್ತಾ ಬಂದರೆ, ಅಥವಾ ಕಳೆದ ಸಲ ಹೆಸರು ಹೇಳಿದವನು ಈ ಸಲ ನರಳಿದರೆ, ಹಂತ 3ಕ್ಕೆ ಹೋಗಿ.

ಇಬ್ಬರಿದ್ದರೆ 2 ತಾಸಿಗೊಮ್ಮೆ ಪಾಳಿ ಬದಲಿಸಿ. ಪಾಳಿಯವನು ಕುರ್ಚಿಯ ಮೇಲೆ ಕೂರಬೇಕು, ಚಾಪೆ ಮೇಲೆ ಒರಗಬಾರದು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಡಿ.

ಬಿದ್ದವಳು ಹುಡುಗಿ ಆಗಿದ್ದರೆ ಅವಳ ನಂಬಿಕೆಯ ಗೆಳತಿ ಪಕ್ಕ ಇರಲೇಬೇಕು. ‘ನಾನು ಡ್ರಾಪ್ ಮಾಡ್ತೇನೆ’ ಎಂದು ಪರಿಚಯ ಇಲ್ಲದವರು ಮುಂದೆ ಬಂದರೆ ಕಳಿಸಬೇಡಿ. ಸ್ವಲ್ಪವೇ ಕುಡಿದು ಪೂರ್ತಿ ಎಚ್ಚರ ತಪ್ಪಿದ್ದರೆ ಲೋಟದಲ್ಲಿ ಯಾರೋ ಏನೋ ಬೆರೆಸಿರಬಹುದು. ಆಸ್ಪತ್ರೆಗೆ ಕರೆತನ್ನಿ, ಆ ಅನುಮಾನವನ್ನೂ ಹೇಳಿ.

ಹಂತ 6: ಬೆಳಿಗ್ಗೆ

ಎದ್ದ ಮೇಲೆ ಓಆರ್‌ಎಸ್ ಅಥವಾ ಎಳನೀರು ಗುಟುಕು ಗುಟುಕಾಗಿ. ಆಮೇಲೆ ಗಂಜಿ, ಉಪ್ಪಿನಕಾಯಿ. ಮದ್ಯ ರಕ್ತದ ಸಕ್ಕರೆ ಇಳಿಸುತ್ತದೆ, ಖಾಲಿ ಹೊಟ್ಟೆಯಲ್ಲಿ ಇನ್ನೂ ಹೆಚ್ಚು. ಹಾಗಾಗಿ ತಿನ್ನಲೇಬೇಕು. ಬೆಳಿಗ್ಗೆ 8 ಗಂಟೆಯ ಕ್ಲಾಸಿಗೆ ಬೈಕ್ ಓಡಿಸುವುದು ಬೇಡ. ಮೇಲಿನ ಲೆಕ್ಕ ನೋಡಿ: 1 ಗಂಟೆಯವರೆಗೆ ಎರಡು ಕ್ವಾರ್ಟರ್ ಕುಡಿದವನ ರಕ್ತದಲ್ಲಿ ಆ ಹೊತ್ತಿಗೂ ಮದ್ಯ ಇರುತ್ತದೆ.

ಆ ದಿನ ಪೂರ್ತಿ ಗಮನ ಇರಲಿ. ಕಣ್ಣು ಮಂಜಾಗಿದೆ, ಎಲ್ಲ ಬಿಳಿ ಬಿಳಿ ಕಾಣುತ್ತದೆ ಎಂದರೆ, ಹೊಟ್ಟೆನೋವು, ಏದುಸಿರು ಇದ್ದರೆ, ಅದು ಹ್ಯಾಂಗೋವರ್ ಅಲ್ಲ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಎಂಬ ವಿಷ ಸೇರಿದ್ದರೆ 12ರಿಂದ 24 ತಾಸಿನ ನಂತರ ಹೀಗಾಗುತ್ತದೆ, ತಡ ಮಾಡಿದರೆ ದೃಷ್ಟಿಯೇ ಹೋಗುತ್ತದೆ. ಜೊತೆಗೆ ಕುಡಿದವರೆಲ್ಲ ಬನ್ನಿ, ಏನೂ ಆಗದವರೂ ಕೂಡ. ಹೆಚ್ಚಾಗುತ್ತಲೇ ಇರುವ ತಲೆನೋವು, ಕಾಫಿ ಪುಡಿಯಂಥ ವಾಂತಿ, ಕಪ್ಪು ಮಲ ಕಂಡರೂ ಅಷ್ಟೇ.

ಹಂತ 7: ಎರಡು ದಿನ ಬಿಟ್ಟು

ಆ ರಾತ್ರಿಯ ವಿಡಿಯೋ ಯಾರ ಫೋನಿನಲ್ಲಿ ಇದ್ದರೂ ಅಳಿಸಿ. ಗ್ರೂಪಿಗೆ ಹಾಕಿದರೆ ಅವನು ಮುಂದಿನ ಸಲ ಒಬ್ಬನೇ ಕುಡಿಯುತ್ತಾನೆ. ಆಗ ಉಸಿರು ಎಣಿಸಲು ಯಾರೂ ಇರುವುದಿಲ್ಲ.

ಮರುದಿನವೇ ಬುದ್ಧಿ ಹೇಳಬೇಡಿ, ಅವನಿಗೆ ಆಗಲೇ ನಾಚಿಕೆ ಆಗಿರುತ್ತದೆ. ಎರಡು ದಿನ ಬಿಟ್ಟು, ಇಬ್ಬರೇ ಟ್ಯಾಗೋರ್ ಬೀಚಿನಲ್ಲಿ ನಡೆಯುವಾಗ ಆ ಹಾಳೆ ತೋರಿಸಿ. “ಮಾರಾಯ, 1.10ಕ್ಕೆ ನೀನು ಹತ್ತೇ ಸಲ ಉಸಿರಾಡ್ತಿದ್ದೆ. ನಂಗೆ ಭಯ ಆಗಿತ್ತು.” ಅಷ್ಟೇ ಹೇಳಿ, ಸುಮ್ಮನಿದ್ದು ಕೇಳಿ. ಫೀಸು, ಬ್ಯಾಕ್‌ಲಾಗ್, ಮನೆಯ ಜಗಳ, ಏನಾದರೂ ಹೊರಗೆ ಬರಬಹುದು. ಬಾರದೆಯೂ ಇರಬಹುದು.

ದಿನಾ ಕುಡಿಯುತ್ತಿದ್ದವನು ನಿಮ್ಮ ಮಾತು ಕೇಳಿ ಒಮ್ಮೆಲೇ ಬಿಟ್ಟರೆ ಎಚ್ಚರ. ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್, ಇವು ಮೊದಲ ಎರಡು ಮೂರು ದಿನದಲ್ಲೇ ಬರುತ್ತವೆ. ಅಂಥವರು ಡಾಕ್ಟರ ಹತ್ತಿರವೇ ಬಿಡಬೇಕು.

ಮಾತಾಡಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಚಟ ಬಿಡಿಸುವ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ಕಾರವಾರದಲ್ಲಿ ಕ್ರಿಮ್ಸ್‌ನ ಮನೋರೋಗ ವಿಭಾಗ, ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಮೊದಲ ಸಲ ಅವನೊಬ್ಬನನ್ನೇ ಕಳಿಸಬೇಡಿ, ಓಪಿಡಿಯ ಸಾಲು ನೋಡಿ ಅರ್ಧ ದಾರಿಯಿಂದ ವಾಪಸ್ ಬಂದವರಿದ್ದಾರೆ. ಜೊತೆಗೆ ಹೋಗಿ ಚೀಟಿ ನೀವೇ ಮಾಡಿಸಿ, ಅವನು ಒಳಗೆ ಹೋಗಿ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರಿ.